ಪೋಸ್ಟ್‌ಗ್ರೆಸ್ 11ರಿಂದ 16ಕ್ಕೆ: ‘ಕ್ಷ’ ಎಲ್ಲಿ ಬರುತ್ತೆ ಅನ್ನೋ ತಲೆನೋವು

ಹೋದ ವಾರ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ನ ಅಪ್‌ಗ್ರೇಡ್‌ನ ರಿಹರ್ಸಲ್ ಮಾಡಿದೆ. ತಲೆಯಲ್ಲಿ ಇನ್ನೂ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ. ‘ಓಡ್ತಾ ಇದೆಯಲ್ಲ, ಸುಮ್ನೆ ಯಾಕೆ ಮುಟ್ಟೋದು’ ಅಂತ ಹಳೆಯ ಸರ್ವರ್ ಇಟ್ಟುಕೊಂಡು ಕೂತವರಿಗೆ ಇದು ಉಪಯೋಗಕ್ಕೆ ಬಂದೀತು.

ನಮ್ಮ ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಉಬುಂಟು 18.04, ಅದರ ಮೇಲೆ ಪೋಸ್ಟ್‌ಗ್ರೆಸ್ 11, ಹತ್ತಿರ ಹತ್ತಿರ 60 ಜಿಬಿ ಡೇಟಾ. ಪೋಸ್ಟ್‌ಗ್ರೆಸ್‌ನ ಒಂದೊಂದು ಮೇಜರ್ ವರ್ಷನ್‌ಗೂ ಐದು ವರ್ಷದ ಸಪೋರ್ಟ್. 11 ಬಂದದ್ದು 2018ರ ಅಕ್ಟೋಬರ್‌ನಲ್ಲಿ. ಅದರ ಕೊನೆಯ ಪ್ಯಾಚ್ 11.22 ಬಂದದ್ದು 2023ರ ನವೆಂಬರ್‌ನಲ್ಲಿ. ಅಲ್ಲಿಂದಾಚೆ ಏನೂ ಇಲ್ಲ. ನಾವು ಹೋಗಬೇಕಾದದ್ದು ಉಬುಂಟು 22.04 ಮತ್ತು ಪೋಸ್ಟ್‌ಗ್ರೆಸ್ 16ಕ್ಕೆ.

ಒಂದೊಂದೇ ಮೆಟ್ಟಿಲು ಹತ್ತಬೇಕಾ? ಬೇಡ. 11ರಿಂದ ನೇರ 16ಕ್ಕೆ ಹಾರಬಹುದು. ಆದರೆ 12, 13, 14, 15 ಮತ್ತು 16 ಎಲ್ಲದರ ರಿಲೀಸ್ ನೋಟ್ಸ್ ಓದಲೇಬೇಕು.

ದಾರಿ ಮೂರು. ಡಂಪ್ (ಇಡೀ ಡೇಟಾವನ್ನು ಹೊರತೆಗೆದ ಫೈಲ್) ತೆಗೆದು ಹೊಸದರಲ್ಲಿ ತುಂಬುವುದು: ನಿಧಾನ, ಆದರೆ ಶುದ್ಧ. ಲಾಜಿಕಲ್ ರೆಪ್ಲಿಕೇಶನ್ (ಹಳೆಯದರ ಬದಲಾವಣೆಗಳನ್ನು ಹೊಸದಕ್ಕೆ ಕಳಿಸುತ್ತಲೇ ಇರುವುದು): ಸರ್ವರ್ ಹೆಚ್ಚು ಹೊತ್ತು ನಿಲ್ಲಿಸುವಂತಿಲ್ಲ ಅನ್ನುವವರಿಗೆ. ಮೂರನೆಯದು ಪಿಜಿ ಅಪ್‌ಗ್ರೇಡ್ ಅನ್ನುವ ಟೂಲ್: ಡೇಟಾ ಫೈಲ್‌ಗಳನ್ನು ಇದ್ದ ಹಾಗೇ ಹೊಸ ವರ್ಷನ್‌ಗೆ ಒಪ್ಪಿಸುತ್ತದೆ. ಲಿಂಕ್ ಆಯ್ಕೆ ಕೊಟ್ಟರೆ ಫೈಲ್ ನಕಲು ಕೂಡ ಮಾಡುವುದಿಲ್ಲ, ಹಾರ್ಡ್ ಲಿಂಕ್ (ಅದೇ ಫೈಲ್‌ಗೆ ಇನ್ನೊಂದು ಹೆಸರು) ಹಾಕಿ ಮುಗಿಸುತ್ತದೆ. ಡಿಸ್ಕನ್ನೇ ಹೊಸ ಮೆಷಿನ್‌ಗೆ ಜೋಡಿಸಿ, ಅಲ್ಲಿ 11 ಮತ್ತು 16 ಎರಡರ ಪ್ಯಾಕೇಜನ್ನೂ ಹಾಕಿ ನಾನು ಇದನ್ನೇ ಮಾಡಿದೆ. ಚೆಕ್ ಆಯ್ಕೆಯಲ್ಲಿ ಎಲ್ಲ ಓಕೆ. ನಿಜವಾಗಿ ಓಡಿಸಿದಾಗ ಎರಡೇ ನಿಮಿಷ. ಖುಷಿಯಾಗಿ ಟೀ ಕುಡಿಯಲು ಹೋದೆ.

ಬಂದು ನೋಡಿದರೆ

ಗ್ರಾಹಕರ ಕೋಡ್ ‘12-4’ ಹುಡುಕಿದರೆ ಸೊನ್ನೆ ಸಾಲು. ಆದರೆ ಇಡೀ ಟೇಬಲ್ ಎಕ್ಸ್‌ಪೋರ್ಟ್ ಮಾಡಿ ನೋಡಿದರೆ ಆ ಸಾಲು ಅಲ್ಲೇ ಕೂತಿದೆ! ಇಂಡೆಕ್ಸ್ ಅಂದರೆ ಸಾಲುಗಳನ್ನು ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಪಟ್ಟಿ. ಅದನ್ನು ಬಳಸುವ ಇಂಡೆಕ್ಸ್ ಸ್ಕ್ಯಾನ್ ಮತ್ತು ಬಿಟ್‌ಮ್ಯಾಪ್ ಸ್ಕ್ಯಾನ್ ಎರಡನ್ನೂ ಆಫ್ ಮಾಡಿ ಅದೇ ಕ್ವೆರಿ ಓಡಿಸಿದೆ. ಸಿಕ್ಕಿತು. ಅಂದರೆ ಡೇಟಾ ಸರಿಯಿದೆ, ಇಂಡೆಕ್ಸ್ ದಾರಿ ತಪ್ಪಿಸುತ್ತಿದೆ.

ಇಲ್ಲಿ ನಾನು ಒಂದೂವರೆ ದಿನ ಕಳೆದೆ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಕನ್ನಡ ನಿಘಂಟಿನಲ್ಲಿ ‘ಕ್ಷಮೆ’ ಎಲ್ಲಿದೆ? ‘ಕ’ ವಿಭಾಗದ ಕೊನೆಯ ಕಡೆ, ‘ಖ’ ಶುರುವಾಗುವ ಮೊದಲು. ಆದರೆ ಮಗ್ಗಿ ಪುಸ್ತಕದ ವರ್ಣಮಾಲೆಯಲ್ಲಿ ಎಷ್ಟೋ ಸಲ ‘ಳ’ ಆದಮೇಲೆ ಕೊನೆಗೆ ‘ಕ್ಷ, ಜ್ಞ’ ಅಂತ ಸೇರಿಸಿರುತ್ತಾರೆ, ಅಲ್ವಾ? ಈಗ ಒಂದು ಹಾಜರಿ ಪುಸ್ತಕ ಇದೆ ಅಂದುಕೊಳ್ಳಿ. ಹಳೆಯ ಮೇಷ್ಟ್ರು ನಿಘಂಟಿನ ಕ್ರಮದಲ್ಲಿ ಹೆಸರು ಬರೆದಿದ್ದಾರೆ. ಹೊಸ ಮೇಷ್ಟ್ರು ವರ್ಣಮಾಲೆಯ ಕ್ರಮ ಕಲಿತವರು. ‘ಕ್ಷಮಾ’ ಹೆಸರು ಬೇಕಾದಾಗ ಅವರು ನೇರ ಕೊನೆಯ ಪುಟಕ್ಕೆ ಹೋಗುತ್ತಾರೆ. ಅಲ್ಲಿ ಇಲ್ಲ. ‘ಈ ಹುಡುಗಿ ನಮ್ಮ ಕ್ಲಾಸಲ್ಲೇ ಇಲ್ಲ’ ಅನ್ನುತ್ತಾರೆ. ಆಮೇಲೆ ಅವಳ ಹೆಸರನ್ನು ಕೊನೆಯ ಪುಟದಲ್ಲಿ ಇನ್ನೊಮ್ಮೆ ಬರೆಯುತ್ತಾರೆ.

ಇಂಡೆಕ್ಸ್‌ನಲ್ಲೂ ಆಗಿದ್ದು ಅದೇ. ಬಿ-ಟ್ರೀ ಇಂಡೆಕ್ಸ್ ಎಲ್ಲ ಪುಟ ತಿರುವುವುದಿಲ್ಲ. ‘ಇದು ದೊಡ್ಡದಾ ಚಿಕ್ಕದಾ’ ಅಂತ ಕೇಳಿಕೊಂಡು ಎಡಕ್ಕೋ ಬಲಕ್ಕೋ ಇಳಿಯುತ್ತದೆ. ಡೇಟಾಬೇಸ್‌ಗೆ ಬೇರೆ ಏನೂ ಹೇಳದಿದ್ದರೆ, ಪಠ್ಯದಲ್ಲಿ ಯಾವುದು ದೊಡ್ಡದು ಅಂತ ತೀರ್ಮಾನಿಸುವುದು ಪೋಸ್ಟ್‌ಗ್ರೆಸ್ ಅಲ್ಲ, ಆಪರೇಟಿಂಗ್ ಸಿಸ್ಟಮ್‌ನ ಜಿಲಿಬ್‌ಸಿ ಲೈಬ್ರರಿ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಈ ಕ್ರಮ ದೊಡ್ಡ ಮಟ್ಟದಲ್ಲಿ ಬದಲಾಯಿತು. ಉಬುಂಟು 18.04ರಲ್ಲಿ ಇರುವುದು 2.27. 22.04ರಲ್ಲಿ 2.35. ಹಳೆಯ ಮೇಷ್ಟ್ರು ಬರೆದ ಇಂಡೆಕ್ಸನ್ನು ಪಿಜಿ ಅಪ್‌ಗ್ರೇಡ್ ಹಾಗೇ ಎತ್ತಿಕೊಂಡು ಬಂದು ಹೊಸ ಮೇಷ್ಟ್ರ ಕೈಗೆ ಕೊಟ್ಟಿತು.

ನಂಬಿಕೆ ಬರದಿದ್ದರೆ ಎರಡೂ ಮೆಷಿನ್‌ನಲ್ಲಿ ಹೀಗೆ ಮಾಡಿ. ಒಂದು ಸಾಲಿನಲ್ಲಿ ‘1-1’, ಇನ್ನೊಂದರಲ್ಲಿ ‘11’ ಬರೆದು, ಅಮೆರಿಕನ್ ಇಂಗ್ಲಿಷ್ ಯುಟಿಎಫ್-8 ಲೊಕೇಲ್‌ನಲ್ಲಿ (ಭಾಷೆ ಮತ್ತು ದೇಶದ ಸೆಟ್ಟಿಂಗ್) ಸಾರ್ಟ್ ಕಮಾಂಡ್‌ಗೆ ಕೊಡಿ. ಹಳೆಯದು ‘11’ ಮೊದಲು, ‘1-1’ ಆಮೇಲೆ ಅನ್ನುತ್ತದೆ. ಹೊಸದು ಉಲ್ಟಾ. ಹಳೆಯದು ಮೊದಲ ಸುತ್ತಿನಲ್ಲಿ ಅಡ್ಡಗೆರೆಯನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ನಮ್ಮ ಕೋಡ್‌ಗಳ ತುಂಬ ಅಡ್ಡಗೆರೆ. ಇನ್ನೇನು ಬೇಕು!

ನಾನು ಎಡವಿದ ಜಾಗಗಳು:

ಮೊದಲು ಲ್ಯಾಪ್‌ಟಾಪ್‌ನಲ್ಲಿ 50 ಸಾಲಿನ ಟೇಬಲ್ ಇಟ್ಟು ಪರೀಕ್ಷೆ ಮಾಡಿದ್ದೆ. ಎಲ್ಲ ಸರಿ ಬಂತು. ಬರಲೇಬೇಕು, ಯಾಕೆಂದರೆ ಅಷ್ಟು ಚಿಕ್ಕ ಟೇಬಲ್‌ಗೆ ಪ್ಲಾನರ್ (ಕ್ವೆರಿ ಹೇಗೆ ಓಡಿಸಬೇಕು ಅಂತ ತೀರ್ಮಾನಿಸುವ ಭಾಗ) ಇಂಡೆಕ್ಸ್ ಮುಟ್ಟುವುದೇ ಇಲ್ಲ, ಇಡೀ ಟೇಬಲ್ ಓದಿಬಿಡುತ್ತದೆ. ರಿಹರ್ಸಲ್ ಅಂದರೆ ಪೂರ್ತಿ ಡೇಟಾದ ಮೇಲೇ ಆಗಬೇಕು.

ಎರಡನೆಯದು, ಕೊಲೇಶನ್ (ಪಠ್ಯವನ್ನು ಜೋಡಿಸುವ ಕ್ರಮ) ವರ್ಷನ್ ರಿಫ್ರೆಶ್ ಮಾಡುವ ಒಂದು ಕಮಾಂಡ್ ಇದೆ. ಹೆಸರು ಕೇಳಿ ಅದೇ ಮದ್ದು ಅಂದುಕೊಂಡೆ. ಅಲ್ಲ! ಅದು ‘ನಾನು ನೋಡಿಕೊಂಡಿದ್ದೇನೆ’ ಅಂತ ರುಜು ಹಾಕಿದ ಹಾಗೆ, ಅಷ್ಟೇ. ವರ್ಷನ್ ಬದಲಾದಾಗ ಪೋಸ್ಟ್‌ಗ್ರೆಸ್ ಕೊಡುವ ಎಚ್ಚರಿಕೆಯ ಬಾಯಿ ಮುಚ್ಚುತ್ತದೆ, ಇಂಡೆಕ್ಸ್ ಹಾಗೇ ಇರುತ್ತದೆ. ಇನ್ನೂ ಕಷ್ಟ ಏನೆಂದರೆ, ಇಡೀ ಡೇಟಾಬೇಸ್‌ನ ಕೊಲೇಶನ್ ವರ್ಷನ್ ಗುರುತಿಟ್ಟುಕೊಳ್ಳುವ ಅಭ್ಯಾಸ ಶುರುವಾದದ್ದೇ 15ರಿಂದ. 11ರಿಂದ ಬರುವವರಿಗೆ ಹೋಲಿಸಲು ಹಳೆಯ ಗುರುತೇ ಇಲ್ಲ, ಹಾಗಾಗಿ ಎಚ್ಚರಿಕೆಯೂ ಇಲ್ಲ.

ಮದ್ದು ಒಂದೇ: ರೀಇಂಡೆಕ್ಸ್, ಅಂದರೆ ಇಂಡೆಕ್ಸ್ ಮತ್ತೆ ಕಟ್ಟುವುದು. ಅದೂ ಬಳಕೆದಾರರನ್ನು ಒಳಗೆ ಬಿಡುವ ಮೊದಲು. ಆ ಹೊಸ ಮೇಷ್ಟ್ರು ‘ಕ್ಷಮಾ’ಳನ್ನು ಎರಡನೇ ಸಲ ಬರೆದುಬಿಟ್ಟರೆ, ಯುನೀಕ್ ಇಂಡೆಕ್ಸ್ (ಒಂದೇ ಮೌಲ್ಯ ಎರಡು ಸಲ ಬರಬಾರದು ಅನ್ನುವಂಥದ್ದು) ಮತ್ತೆ ಕಟ್ಟುವಾಗ ‘ಡೂಪ್ಲಿಕೇಟ್ ಇದೆ’ ಅಂತ ನಿಂತುಬಿಡುತ್ತದೆ. ಆಮೇಲೆ ಯಾವುದು ನಿಜವಾದ ಸಾಲು ಅಂತ ಕೈಯಲ್ಲಿ ಆರಿಸುತ್ತ ಕೂರಬೇಕು. ಅಂಕಿ ಮತ್ತು ದಿನಾಂಕದ ಇಂಡೆಕ್ಸ್‌ಗಳಿಗೆ ಈ ರೋಗವಿಲ್ಲ. ಬರೀ ಬೈಟ್‌ಗಳ ಕ್ರಮದಲ್ಲಿ ಜೋಡಿಸುವ ‘ಸಿ’ ಕೊಲೇಶನ್‌ನಲ್ಲಿ ಇರುವ ಪಠ್ಯಕ್ಕೂ ಇಲ್ಲ. ಡಂಪ್ ದಾರಿಯಲ್ಲಿ ಹೋದವರಿಗೂ ಇಲ್ಲ, ಅಲ್ಲಿ ಇಂಡೆಕ್ಸ್ ಹೊಸದಾಗಿಯೇ ಹುಟ್ಟುತ್ತದೆ. ಅನುಮಾನ ಇದ್ದರೆ ಆಮ್‌ಚೆಕ್ ಎಕ್ಸ್‌ಟೆನ್ಶನ್ ಹಾಕಿ ಒಂದೊಂದೇ ಇಂಡೆಕ್ಸ್ ತಪಾಸಣೆ ಮಾಡಬಹುದು. ನಾನು ಆರಿಸುವ ಗೋಜಿಗೇ ಹೋಗದೆ ಎಲ್ಲವನ್ನೂ ಮತ್ತೆ ಕಟ್ಟಿದೆ. 40 ನಿಮಿಷ ಹಿಡಿಯಿತು. ಅಂದರೆ ಸರ್ವರ್ ನಿಲ್ಲಿಸುವ ಸಮಯ ಕೇಳುವಾಗ ಎರಡು ನಿಮಿಷ ಅನ್ನಬೇಡಿ.

ಉಳಿದದ್ದು ಚುಟುಕಾಗಿ

ಲಿಂಕ್ ಆಯ್ಕೆಯಲ್ಲಿ ಹೊಸ ಸರ್ವರನ್ನು ಒಮ್ಮೆ ಶುರು ಮಾಡಿದರೆ ಹಳೆಯದಕ್ಕೆ ವಾಪಸ್ ಹೋಗುವಂತಿಲ್ಲ. ಫೈಲ್‌ಗಳು ಒಂದೇ ಅಲ್ವಾ! ಬೇರೆ ಕಡೆ ಬ್ಯಾಕಪ್ ಇರಲೇಬೇಕು, ಅದನ್ನು ಒಮ್ಮೆ ರಿಸ್ಟೋರ್ ಮಾಡಿಯೂ ನೋಡಿರಬೇಕು.

16ಕ್ಕೆ ಹೋಗುವಾಗ ಪ್ಲಾನರ್‌ನ ಅಂಕಿಅಂಶ ಜೊತೆಗೆ ಬರುವುದಿಲ್ಲ. ಅನಲೈಜ್ ಮಾಡದೆ, ಅಂದರೆ ಅದನ್ನು ಮತ್ತೆ ಸಂಗ್ರಹಿಸದೆ, ಬಾಗಿಲು ತೆರೆದರೆ ಎಲ್ಲ ಕ್ವೆರಿಯೂ ಆಮೆ. ಜನ ಹೊಸ ವರ್ಷನ್ ಸರಿಯಿಲ್ಲ ಅಂತ ಬೈಯುತ್ತಾರೆ. ವ್ಯಾಕ್ಯೂಮ್‌ಡಿಬಿ ಅನ್ನುವ ಟೂಲ್‌ನಲ್ಲಿ ಹಂತ ಹಂತವಾಗಿ ಅನಲೈಜ್ ಮಾಡುವ ಆಯ್ಕೆ ಇದಕ್ಕೇ ಇರುವುದು.

12ರಲ್ಲಿ ರಿಕವರಿ ಕಾನ್ಫ್ ಫೈಲ್ (ಬ್ಯಾಕಪ್‌ನಿಂದ ಮರಳಿ ತರುವಾಗಿನ ಸೆಟ್ಟಿಂಗ್‌ಗಳದ್ದು) ಹೋಯಿತು. ಹಳೆಯದು ಫೋಲ್ಡರ್‌ನಲ್ಲಿ ಇದ್ದರೆ ಸರ್ವರ್ ಏಳುವುದೇ ಇಲ್ಲ. 14ರಿಂದ, ಬೇರೆ ಏನೂ ಹೇಳದಿದ್ದರೆ, ಹೊಸ ಪಾಸ್‌ವರ್ಡ್‌ಗಳು ಸ್ಕ್ರ್ಯಾಮ್ ಅನ್ನುವ ಹೆಚ್ಚು ಸುರಕ್ಷಿತ ರೂಪದಲ್ಲಿ ಸೇವ್ ಆಗುತ್ತವೆ. ತೀರ ಹಳೆಯ ಡ್ರೈವರ್ ಇರುವ ಆ್ಯಪ್‌ಗೆ ಹೊಸ ಯೂಸರ್ ಮಾಡಿಕೊಟ್ಟ ದಿನ ಲಾಗಿನ್ ಆಗದೆ ಗೊತ್ತಾಗುತ್ತದೆ.

15ರಲ್ಲಿ ಬ್ಯಾಕಪ್ ಶುರು ಮಾಡುವ ಫಂಕ್ಷನ್‌ನ ಹೆಸರು ತಿರುಗುಮುರುಗಾಯಿತು. ಮೊದಲು ಪಿಜಿ ಸ್ಟಾರ್ಟ್ ಬ್ಯಾಕಪ್, ಈಗ ಪಿಜಿ ಬ್ಯಾಕಪ್ ಸ್ಟಾರ್ಟ್. ಇದನ್ನು ಓದಿ ‘ನಮಗೇನು’ ಅಂತ ದಾಟಿಸಿಬಿಟ್ಟಿದ್ದೆ. ರಿಹರ್ಸಲ್ ಮೆಷಿನ್‌ನಲ್ಲಿ ರಾತ್ರಿ ಎರಡು ಗಂಟೆಗೆ ಓಡಬೇಕಿದ್ದ ಬ್ಯಾಕಪ್ ಸ್ಕ್ರಿಪ್ಟ್ ಮೂರು ದಿನದಿಂದ ‘ಅಂಥ ಫಂಕ್ಷನ್ ಇಲ್ಲ’ ಅಂತ ಲಾಗ್ ಬರೆಯುತ್ತ ಕೂತಿತ್ತು. ಅದನ್ನು ನೋಡಿದ್ದು ನಿನ್ನೆ.