ಗೇಟಿನಲ್ಲಿ ಗಾರ್ಡ್ ಇದ್ದ ಮೇಲೆ ನನ್ನ ಪಾಲೇನು?

ಪ್ರಶ್ನೆ: ಜಿಲ್ಲೆಯ ಸಂಶೋಧನಾ ಕೇಂದ್ರವೊಂದರ ಸಸ್ಯರೋಗ ಪ್ರಯೋಗಾಲಯಕ್ಕೆ ಗುತ್ತಿಗೆ ಸಹಾಯಕನಾಗಿ ಸೇರುತ್ತಿದ್ದೇನೆ. ಭದ್ರತೆಯ ಬಗ್ಗೆ ನಾಲ್ಕು ಪುಟದ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಗೇಟಿನಲ್ಲಿ ಗಾರ್ಡ್ ಇದ್ದಾರೆ, ಒಳಗೆ ಸಿಸಿಟಿವಿ ಇದೆ. ಇದರ ಮೇಲೆ ನಾನು ಮಾಡಬೇಕಾದ್ದು ಏನಿದೆ? ಏನಾದರೂ ಆದರೆ ನನ್ನ ತಲೆಗೆ ಬರುತ್ತದೆಯೇ?
(ಓದುಗರು, ಸೋಮವಾರಪೇಟೆ)

ಉತ್ತರ: ಬರುತ್ತದೆ. ಗಾರ್ಡ್ ನೋಡಿಕೊಳ್ಳುವುದು ಗೇಟನ್ನು. ಸಿಸಿಟಿವಿ ತೋರಿಸುವುದು ಆಗಿಹೋದದ್ದನ್ನು, ಅದೂ ಯಾರಾದರೂ ಕೂತು ಹಿಂದಕ್ಕೆ ಓಡಿಸಿ ನೋಡಿದರೆ. ಇನ್‌ಕ್ಯುಬೇಟರ್ ಕೋಣೆಯಲ್ಲಿ ಈ ಹೊತ್ತಿಗೆ ಯಾರು ಇರಬೇಕು, ಯಾರು ಇರಬಾರದು ಎಂಬುದು ಗೊತ್ತಿರುವುದು ಅಲ್ಲೇ ದಿನಾ ಕೆಲಸ ಮಾಡುವವರಿಗೆ ಮಾತ್ರ. ನಿಮ್ಮ ಪಾಲು ಶುರುವಾಗುವುದು ಅಲ್ಲಿಂದ.

ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ದೊಡ್ಡ ತೊಡಕು ಕಳ್ಳರದ್ದಲ್ಲ, ಪರಿಚಯದ್ದು. ಗಾರ್ಡ್ ನಿಮ್ಮೂರಿನವನು, ಸ್ಟೋರ್ ಕೀಪರ್ ನಿಮ್ಮ ಭಾವನ ಸ್ನೇಹಿತ, ಜೀಪ್ ಡ್ರೈವರ್ ಶಾಲೆಯಲ್ಲಿ ಜೊತೆಗಿದ್ದವನು. 'ನಮ್ಮವರೇ ಅಲ್ವಾ' ಎನ್ನುವ ಮಾತಿಗೆ ತೆರೆಯದ ಬಾಗಿಲಿಲ್ಲ. ಜುಲೈ ತಿಂಗಳ ಬೆಳಗ್ಗೆ ಒಂಬತ್ತು ಗಂಟೆಯ ಹೊತ್ತನ್ನು ನೆನೆಸಿಕೊಳ್ಳಿ. ಮಳೆ ಹೊಡೆಯುತ್ತಿದೆ, ಎಲ್ಲರ ಗುರುತಿನ ಚೀಟಿಯೂ ರೈನ್‌ಕೋಟಿನ ಒಳಗಿದೆ. ಮುಂದಿನವರು ಕಾರ್ಡ್ ತೋರಿಸಿ ಬಾಗಿಲು ತೆರೆದರೆ, ಹಿಂದೆ ಕೊಡೆ ಮಡಚುತ್ತ ನಿಂತ ಮೂವರು ಅದೇ ಉಸಿರಿಗೆ ಒಳಗೆ. ಮಳೆಯಲ್ಲಿ ನೆನೆಯುತ್ತಿರುವವರ ಮುಖಕ್ಕೆ ಬಾಗಿಲು ಹಾಕುವುದು ನಮ್ಮ ಕಡೆ ಮರ್ಯಾದೆಯಲ್ಲ, ನಿಜ. ಒಬ್ಬರ ಕಾರ್ಡಿಗೆ ಒಬ್ಬರೇ ಎಂಬ ನಿಯಮ ಮುರಿಯುವುದು ಈ ಮರ್ಯಾದೆಯಿಂದಲೇ.

ಇದಕ್ಕೆ ಉಪಾಯ, ತಪ್ಪನ್ನು ಯಂತ್ರದ ಮೇಲೆ ಹಾಕುವುದು. 'ಅಣ್ಣ, ಒಂದ್ಸಲ ನಿಮ್ಮ ಕಾರ್ಡೂ ಮುಟ್ಟಿಸಿಬಿಡಿ, ಇದು ತಲೆ ಲೆಕ್ಕ ಇಡುತ್ತೆ' ಎಂದರೆ ಯಾರಿಗೂ ಮುಖಭಂಗವಿಲ್ಲ. ಕಾರ್ಡ್ ಮನೆಯಲ್ಲಿ ಬಿಟ್ಟು ಬಂದವರನ್ನು ಗೇಟಿಗೆ ಕಳಿಸಿ, ದಿನದ ಪಾಸ್ ಬರೆಸಿಕೊಳ್ಳಲಿ. ನಿಮ್ಮ ಕಾರ್ಡ್ ಕೊಡಬೇಡಿ. ಆ ದಿನ ಅವರು ಮಾಡಿದ್ದೆಲ್ಲ ದಾಖಲೆಯಲ್ಲಿ ನೀವು ಮಾಡಿದ್ದಾಗಿರುತ್ತದೆ. ಬೆರಳಚ್ಚು ಯಂತ್ರವಾದರೆ ಸೇರುವ ದಿನವೇ ಎರಡೂ ಕೈಯ ತಲಾ ಎರಡು ಬೆರಳನ್ನು ದಾಖಲಿಸಿ. ಮಳೆಯಲ್ಲಿ ಸುಕ್ಕಾದ, ತೋಟದ ಕೆಲಸದಲ್ಲಿ ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ನಾಲ್ಕು ಸಲ ಒತ್ತಿ ಬೇಸತ್ತವರು ಐದನೆಯ ದಿನ ಬಾಗಿಲಿಗೆ ಇಟ್ಟಿಗೆ ಅಡ್ಡ ಕೊಡುತ್ತಾರೆ.

ಬರುವಾಗ ಸಹಿ ಹಾಕಿ, ಹೋಗುವಾಗ ಮರೆಯುವವರಿಗೆ ಒಂದು ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡವರು ನಾವು. ಅಂಥ ಹೊತ್ತಿನಲ್ಲಿ ಕಟ್ಟಡದ ಒಳಗೆ ಎಷ್ಟು ಜನರಿದ್ದಾರೆ ಎಂದು ರಕ್ಷಣೆಗೆ ಬಂದವರು ನೋಡುವುದು ಅದೇ ರಿಜಿಸ್ಟರನ್ನು.

ಇನ್ನು ಕರೆಂಟು. ಕಾರ್ಡಿಗೆ ತೆರೆದುಕೊಳ್ಳುವ ಬಾಗಿಲುಗಳಲ್ಲಿ ಬಹಳಷ್ಟಕ್ಕೆ ವಿದ್ಯುತ್ ಅಯಸ್ಕಾಂತದ ಬೀಗವಿರುತ್ತದೆ. ಬೆಂಕಿ ಬಿದ್ದಾಗ ಒಳಗಿನವರು ಹೊರಬರಬೇಕಲ್ಲ, ಹಾಗಾಗಿ ವಿದ್ಯುತ್ ಪೂರ್ತಿ ಹೋದರೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ. ಆಧಾರಕ್ಕೆ 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದು ಪುಟ್ಟ ಬ್ಯಾಟರಿ. ಬೀಗ ಅರ್ಧ ಆಂಪಿಯರ್ ಎಳೆಯುತ್ತದೆ ಅಂದುಕೊಂಡರೆ ಕಾಗದದ ಮೇಲೆ 14 ಗಂಟೆ. ಕಾರ್ಡ್ ರೀಡರ್, ಕಂಟ್ರೋಲರ್ ಎರಡೂ ಅದನ್ನೇ ಕುಡಿಯುತ್ತವೆ. ಬ್ಯಾಟರಿ ಹಳತಾಗಿದ್ದರೆ ಅರ್ಧವೂ ಸಿಗದು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಇಲ್ಲಿ ಕರೆಂಟು ಬರುವುದು ಯಾವಾಗ ಎಂದು ನಿಮಗೇ ಗೊತ್ತು. ಆದ್ದರಿಂದ ಕರೆಂಟು ಹೋಗಿ ಕೆಲವು ಗಂಟೆಯಾದ ಮೇಲೆ ನಿಮ್ಮ ಕೋಣೆಯ ಬಾಗಿಲನ್ನು ಒಮ್ಮೆ ಎಳೆದು ನೋಡಿ. ಸಡಿಲವಾಗಿದ್ದರೆ ಗಾರ್ಡಿಗೆ ಹೇಳಿ. ಒಳಗೆ ಯಾರೂ ಇಲ್ಲವೆಂದು ಖಚಿತವಾದ ಮೇಲೆ ಕೈಬೀಗ ಹಾಕಿಸಿ, ಎಷ್ಟು ಗಂಟೆಯಿಂದ ಸಡಿಲವಿತ್ತು ಎಂದು ಬರೆಸಿ. ಮರದ ಬಾಗಿಲುಗಳದ್ದು ಬೇರೆ ಕತೆ. ಶೀತಕ್ಕೆ ಉಬ್ಬಿ ಚಿಲಕ ಕೂರುವುದಿಲ್ಲ, ಮುಚ್ಚಿದಂತೆ ಕಾಣುತ್ತದೆ ಅಷ್ಟೆ.

ಕೊಡಗಿನ ಕೇಂದ್ರದಿಂದ ಹೊರಗೆ ಹೋಗುವುದು ಏನು? ಸಿನಿಮಾದಲ್ಲಿ ನೋಡುವ ಗುಟ್ಟಿನ ಕಡತಕ್ಕಿಂತ ಹೆಚ್ಚಾಗಿ, ಒಂದು ಹಿಡಿ ಬೀಜ. ಇಲ್ಲಿ ಕೆಲಸಕ್ಕೆ ಬರುವವರಲ್ಲಿ ಅನೇಕರ ಮನೆಯಲ್ಲಿ, ಇಲ್ಲವೇ ಮಾವನ ಮನೆಯಲ್ಲಿ, ತೋಟವಿದೆ. ಬಿಡುಗಡೆಯಾದ ತಳಿಯ ಮಾತಲ್ಲ ಇದು. 2007ರಲ್ಲಿ ಹೊರಬಂದ ಚಂದ್ರಗಿರಿ ಎಂಬ ಕಾಫಿ ತಳಿಯಂಥದ್ದನ್ನು ಯಾರು ಬೇಕಾದರೂ ಕ್ರಮದಲ್ಲಿ ಕೇಳಿ ಪಡೆಯಬಹುದು. ಪ್ರಲೋಭನೆ ಇರುವುದು ಇನ್ನೂ ಪ್ರಯೋಗದಲ್ಲಿದ್ದು, ಸಂಖ್ಯೆಯ ಫಲಕ ಹೊತ್ತು ನಿಂತ ಸಾಲುಗಳಲ್ಲಿ. ಅರೇಬಿಕಾ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಗಿಡ. ಜೇಬಿನಲ್ಲಿ ಹೋದ ಹತ್ತು ಬೀಜ ಬಹುಮಟ್ಟಿಗೆ ತಾಯಿಯಂತೆಯೇ ಬರುತ್ತದೆ. ರೋಬಸ್ಟಾದಲ್ಲಿ ಪರಾಗ ಬೇರೆ ಗಿಡದಿಂದ ಬರಬೇಕು, ಬೀಜದಲ್ಲಿ ಗುಣ ಚೆದುರುತ್ತದೆ, ಹಾಗಾಗಿ ಅಲ್ಲಿ ಕಣ್ಣು ಬೀಳುವುದು ಕಾಂಡದಿಂದ ನೇರ ಮೇಲೇಳುವ ಕಂಬಚಿಗುರಿನ ಮೇಲೆ. ಕೊಂಡುಹೋದವರಿಗೂ ಇದು ಲಾಭವಲ್ಲ. ಮೂರನೆಯ ವರ್ಷ ಚೆನ್ನಾಗಿ ಕಂಡ ಸಾಲು ಏಳನೆಯ ವರ್ಷ ತುಕ್ಕು ರೋಗಕ್ಕೆ ಬಗ್ಗಬಹುದು. ಪ್ರಯೋಗ ಅಷ್ಟು ಕಾಲ ಎಳೆಯುವುದೇ ಅದನ್ನು ನೋಡಲು. ಅಷ್ಟರಲ್ಲಿ ಇವರು ಒಂದು ಎಕರೆ ನೆಟ್ಟು, ಪಕ್ಕದವರಿಗೂ ಹಂಚಿರುತ್ತಾರೆ.

ಹೋಂಸ್ಟೇಗೆ ಬಂದ ವಿದೇಶಿ ಅತಿಥಿ ಆಸಕ್ತಿಯಿಂದ ಎಲೆ, ಬೀಜ ಕೇಳಿದರೂ ಉತ್ತರ ಒಂದೇ. ಸಂಶೋಧನೆಗೋ ವ್ಯಾಪಾರಕ್ಕೋ ವಿದೇಶಿಯರು ಇಲ್ಲಿನ ಜೈವಿಕ ಸಂಪನ್ಮೂಲ ಪಡೆಯಲು 2002ರ ಜೀವವೈವಿಧ್ಯ ಕಾಯ್ದೆಯಡಿ ರಾಷ್ಟ್ರೀಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ನಿಮ್ಮ ಕೈಯಿಂದ ಹೋಗುವಂಥದ್ದಲ್ಲ ಅದು.

ನಿಮ್ಮದು ಸಸ್ಯರೋಗ ಪ್ರಯೋಗಾಲಯ ಎಂದಿದ್ದೀರಿ, ಹಾಗಾಗಿ ಬೇಡದೆಯೂ ಹೊರಗೆ ಹೋಗುವ ವಸ್ತುವೊಂದಿದೆ. ತುಕ್ಕು ಹಿಡಿದ ಕಾಫಿ ಎಲೆಯನ್ನು ಮಗುಚಿ ಬೆರಳಾಡಿಸಿದರೆ ಕೇಸರಿ ಪುಡಿ ಅಂಟುತ್ತದಲ್ಲ, ಅದೇ ರೋಗ ಹರಡುವ ಬೀಜಕಣ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿ ಉದ್ಯಮವನ್ನೇ ಮಲಗಿಸಿದ್ದು ಈ ರೋಗ. ಬಟ್ಟೆ, ಕೂದಲು, ಬೂಟಿಗೆ ಅಂಟಿ ಸವಾರಿ ಮಾಡುತ್ತದೆ. ದಿನದ ಕೆಲಸ ಆರೋಗ್ಯದ ನರ್ಸರಿಯಿಂದ ರೋಗದ ಕೋಣೆಗೆ ಸಾಗಬೇಕು, ತಿರುಗಿ ನರ್ಸರಿಗೆ ಹೋಗಬಾರದು. ಕೋಟು ಕೋಣೆಯಲ್ಲೇ ಉಳಿಯಬೇಕು. ಬೂಟು ಅದ್ದುವ ನೀರಿಗೆ 4-5 ಶೇಕಡದ ಸೋಡಿಯಂ ಹೈಪೋಕ್ಲೋರೈಟ್ ಒಂದು ಪಾಲು, ನೀರು ನಾಲ್ಕು ಪಾಲು. ಹತ್ತು ನಿಮಿಷ ಬಿಡಿ. ಮೊದಲು ಕೆಸರು ತೊಳೆಯಿರಿ. ಕೆಸರಿನ ಬೂಟನ್ನೇ ಅದ್ದಿದರೆ ಕ್ಲೋರಿನ್ ಮಣ್ಣನ್ನು ಸುಡುವುದರಲ್ಲೇ ಮುಗಿದು, ಮಧ್ಯಾಹ್ನಕ್ಕೆ ಟ್ರೇಯಲ್ಲಿ ಬರೀ ಕಂದು ನೀರು. ದಿನಾ ಹೊಸದಾಗಿ ಬೆರೆಸಬೇಕು, ಆಮ್ಲ ತಾಗಿಸಬಾರದು, ವಿಷಾನಿಲ ಏಳುತ್ತದೆ. ರೋಗಾಣು ಬೆಳೆಸಿ ಬಿಸಾಡುವ ಕಲ್ಚರ್ ಪ್ಲೇಟುಗಳಿಗೆ ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರ) 121 ಡಿಗ್ರಿ, 15 ಪೌಂಡ್ ಒತ್ತಡ, ಕನಿಷ್ಠ 30 ನಿಮಿಷ. ಚೀಲವನ್ನು ಗೋಣಿ ತುಂಬಿದಂತೆ ತುರುಕಿದರೆ ಹಬೆ ನಡುವಿಗೆ ಹೋಗುವುದಿಲ್ಲ. ಚೀಲಕ್ಕೆ ಅಂಟಿಸಿದ ಸೂಚಕ ಟೇಪಿನ ಮೇಲೆ ಕಪ್ಪು ಗೆರೆ ಮೂಡಿತೆಂದು ನೆಮ್ಮದಿಯಾಗಬೇಡಿ, ಅದು ಹೇಳುವುದು ಹೊರಗೆ ಬಿಸಿ ತಾಗಿತೆಂದು ಮಾತ್ರ.

ಫೋನು, ಕಂಪ್ಯೂಟರ್ ವಿಷಯ ಎಲ್ಲ ಕಡೆ ಒಂದೇ: ಎದ್ದು ಹೋಗುವಾಗ ವಿಂಡೋಸ್ ಗುಂಡಿ ಮತ್ತು ಎಲ್ ಒಟ್ಟಿಗೆ ಒತ್ತಿ, ಸಿಕ್ಕಿದ ಪೆನ್‌ಡ್ರೈವ್ ಚುಚ್ಚಬೇಡಿ, ಸೆಲ್ಫಿಯ ಹಿಂದೆ ಬೋರ್ಡ್ ಬೀಳದಿರಲಿ. 'ಸಾಹೇಬ್ರು ಹೇಳಿದ್ದಾರೆ, ಪಾಸ್‌ವರ್ಡ್ ಕೊಡಿ' ಎಂದು ಕರೆ ಬಂದರೆ ಹೆಸರು ಕೇಳಿ, ಫೋನು ಇಟ್ಟು, ಕಚೇರಿಯ ಪುಸ್ತಕದಲ್ಲಿರುವ ನಂಬರಿಗೆ ನೀವೇ ತಿರುಗಿ ಮಾಡಿ.

ಬಂದೂಕಿನ ಮಾತೂ ಇಲ್ಲಿ ಬರಲೇಬೇಕು. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಶಸ್ತ್ರ ಪರವಾನಗಿಯಿಂದ ಇರುವ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಮುಂದುವರಿದಿದೆ. ಅದು ಪರವಾನಗಿಗೆ ಸಂಬಂಧಿಸಿದ್ದು, ಸಂಸ್ಥೆಯ ಗೇಟಿಗಲ್ಲ. ಆನೆ ಓಡಿಸಲು ಜೀಪಿನಲ್ಲಿಟ್ಟ ಪಟಾಕಿಯನ್ನೂ, ಸೊಂಟದ ಕತ್ತಿಯನ್ನೂ ಗೇಟಿನಲ್ಲಿ ಹೇಳಿಬಿಡಿ.

ಕಾನೂನಿನ ಲೆಕ್ಕಕ್ಕೆ ಬಂದರೆ, 1923ರ ಅಧಿಕೃತ ರಹಸ್ಯಗಳ ಕಾಯ್ದೆ ಎಲ್ಲ ಸಂಶೋಧನಾ ತೋಟಕ್ಕೂ ಅನ್ವಯಿಸುವುದಿಲ್ಲ. ಆದರೆ ಸರ್ಕಾರದ ರಹಸ್ಯ ಮಾಹಿತಿ ನಂಬಿಕೆಯ ಮೇಲೆ ಕೈಗೆ ಬಂದಿದ್ದರೆ ಅದರ 5ನೇ ಸೆಕ್ಷನ್ ಸರ್ಕಾರದ ಗುತ್ತಿಗೆ ಹಿಡಿದವರನ್ನೂ ಬಿಡುವುದಿಲ್ಲ; ಮೂರು ವರ್ಷದವರೆಗೆ ಜೈಲು. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಗುತ್ತಿಗೆಯವರಿಗೆ ಇದಕ್ಕಿಂತ ಮೊದಲು ಎದುರಾಗುವುದು ಆ ನಾಲ್ಕು ಪುಟವೇ. ಅದರ ಒಂದು ಪ್ರತಿಯನ್ನು ಕೇಳಿ ಪಡೆಯಿರಿ.

ಕೊನೆಗೆ, ಕಾರ್ಡ್ ಕಳೆದರೆ, ಕಂಪ್ಯೂಟರ್ ವಿಚಿತ್ರವಾಗಿ ಆಡಿದರೆ, ಪ್ಲೇಟ್ ಒಡೆದರೆ ಆ ಕ್ಷಣವೇ ಭದ್ರತಾ ಅಧಿಕಾರಿಗೆ ಫೋನು, ಆಮೇಲೆ ಕಾಗದ. ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸಂಸ್ಥೆ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ತಿಳಿಸಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ. 'ದಂಡ ಕಟ್ಟಿಸ್ತಾರೆ, ನಾಳೆ ಹುಡುಕಿ ನೋಡೋಣ' ಎಂದು ಕೂತ ಒಂದು ರಾತ್ರಿ ಆ ಕಾರ್ಡ್ ಬಾಗಿಲು ತೆರೆಯುತ್ತಲೇ ಇರುತ್ತದೆ, ಪ್ರತಿ ಸಲವೂ ನಿಮ್ಮ ಹೆಸರಿನಲ್ಲಿ.