ತಪ್ಪಲು ಪಲ್ಯ ತಿಂದರೂ ರಕ್ತ ಏಕೆ ಕಡಿಮೆ?

ಪ್ರಶ್ನೆ: ನಮ್ಮ ಮನೆಯಲ್ಲಿ ರೊಟ್ಟಿಯ ಜೊತೆ ಹೆಚ್ಚುಕಡಿಮೆ ದಿನವೂ ತಪ್ಪಲು ಪಲ್ಯ ಇರುತ್ತದೆ. ಆದರೂ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9 ಬಂದಿದೆ. ಸೊಪ್ಪಿನಿಂದ ರಕ್ತ ಹೆಚ್ಚುತ್ತದೆ ಎನ್ನುವುದು ಸುಳ್ಳೇ?
– ಗೃಹಿಣಿ, ಸಿಂಧನೂರು

ಸುಳ್ಳಲ್ಲ, ಆದರೆ ಸೊಪ್ಪೊಂದರಿಂದಲೇ ಆಗುವ ಕೆಲಸವೂ ಅಲ್ಲ. 100 ಗ್ರಾಂ ಪಾಲಕ್‌ನಲ್ಲಿರುವ ಕಬ್ಬಿಣಾಂಶ ಸುಮಾರು 3 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೆಂಗಸರಿಗೆ ಹೇಳಿರುವ ಪ್ರಮಾಣ ದಿನಕ್ಕೆ 29 ಮಿಲಿಗ್ರಾಂ. ತಿಂದ ಆ ಮೂರೂ ರಕ್ತಕ್ಕೆ ಸೇರುವುದಿಲ್ಲ. ಪಾಲಕ್‌ನಲ್ಲಿರುವ ಆಕ್ಸಲೇಟ್, ಜೋಳದಲ್ಲಿರುವ ಫೈಟೇಟ್ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು ಕರುಳು ಹೀರದಂತೆ ಮಾಡುತ್ತವೆ.

ಇವುಗಳಿಗಿಂತ ನನಗೆ ಹೆಚ್ಚು ಚಿಂತೆ ಊಟ ಮುಗಿದ ಕೂಡಲೇ ಕುಡಿಯುವ ಚಹಾದ್ದು. ಚಹಾದ ಒಗರು ಅಂಶ ಕಬ್ಬಿಣಾಂಶದ ಹೀರಿಕೆಯನ್ನು ಬಹಳವೇ ತಗ್ಗಿಸುತ್ತದೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಿ. ದಯವಿಟ್ಟು ಇದನ್ನು ಇಂದಿನಿಂದಲೇ ಮಾಡಿ, ಒಂದು ಪೈಸೆಯ ಖರ್ಚಿಲ್ಲ.

ಹೀರಿಕೆಯನ್ನು ಹೆಚ್ಚಿಸುವುದು ವಿಟಮಿನ್ ಸಿ. ಅದು ಬಿಸಿಗೆ ನಾಶವಾಗುತ್ತದೆ, ಆದ್ದರಿಂದ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ. ಹಕ್ಕರಕಿ, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲನ್ನು ರೊಟ್ಟಿಯೊಂದಿಗೆ ಹಸಿಯಾಗಿಯೇ ತಿನ್ನುವ ನಮ್ಮ ರಾಯಚೂರು, ಕೊಪ್ಪಳ ಕಡೆಯ ರೂಢಿ ಈ ದೃಷ್ಟಿಯಿಂದ ಬಹಳ ಒಳ್ಳೆಯದು. ಮಣ್ಣು, ಜಂತಿನ ಮೊಟ್ಟೆ ಹೋಗುವಂತೆ ನಾಲ್ಕಾರು ನೀರಿನಲ್ಲಿ ತೊಳೆಯಲೇಬೇಕು. ಬೇಯಿಸುವುದಾದರೆ ಬಸಿದ ನೀರನ್ನು ಚೆಲ್ಲಬೇಡಿ. ರಕ್ತಕಣಗಳಿಗೆ ಬೇಕಾದ ಫೋಲೇಟ್ ಅದರಲ್ಲಿ ಕರಗಿರುತ್ತದೆ, ಸಾರಿಗೆ ಬಳಸಿ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ಮಾತ್ರ ಪಾಲಕ್ ಕಡಿಮೆ ಮಾಡಿ ಮೆಂತ್ಯೆ ತಿನ್ನಲಿ.

ಕಣ್ಣಿಗೆ ಬೇಕಾದ ವಿಟಮಿನ್ ಎ, ಮಲಬದ್ಧತೆ ತಡೆಯುವ ನಾರು ಕೂಡ ಸೊಪ್ಪಿನಿಂದ ಸಿಗುತ್ತವೆ. ಒಗ್ಗರಣೆಯ ಎಣ್ಣೆ ಇದ್ದರೆ ವಿಟಮಿನ್ ಎ ಚೆನ್ನಾಗಿ ದಕ್ಕುತ್ತದೆ.

ಆದರೆ ನಿಮ್ಮದು 9. ಗರ್ಭಿಣಿಯಲ್ಲದ ಹೆಂಗಸರಿಗೆ 12 ಇರಬೇಕು. ಈ ಕೊರತೆಯನ್ನು ಪಲ್ಯದಿಂದಲೇ ತುಂಬಿಸುತ್ತೇನೆಂದು ಕಾಯುತ್ತ ಕೂರಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ಸಂಕೋಚವಿಲ್ಲದೆ ಹೇಳಿ. ಜಂತುಹುಳು, ಮೂಲವ್ಯಾಧಿಗಳಿಂದಲೂ ರಕ್ತ ಸೋರುತ್ತದೆ, ಆ ಕಾರಣ ಹೋಗದೆ ಅಂಕಿ ಏರುವುದಿಲ್ಲ. ಕಬ್ಬಿಣಾಂಶದ ಮಾತ್ರೆ ಅಲ್ಲಿ ಉಚಿತ. ಅದನ್ನು ತೆಗೆದುಕೊಂಡಾಗ ಮಲ ಕಪ್ಪಾಗುವುದು ಸಹಜ, ಹೆದರಿ ಬಿಡಬೇಡಿ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ನಂತರ ನುಂಗಿ. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ವೈದ್ಯರು ಹೇಳುವಷ್ಟು ತಿಂಗಳು ಮುಂದುವರಿಸಿ, ದೇಹದ ದಾಸ್ತಾನು ತುಂಬಲು ಅಷ್ಟು ಕಾಲ ಬೇಕು.