ಮುಖನರದ ಎಲುಬಿನ ಕಾಲುವೆ: ಗರ್ಭದಲ್ಲಿ ಆರಂಭವಾಗಿ ಹಲವರಲ್ಲಿ ಪೂರ್ತಿಯಾಗದ ಒಂದು ಕಟ್ಟಡ

ವಿಜಯಪುರದ ಆಸ್ಪತ್ರೆಗಳ ಕಿವಿ, ಮೂಗು, ಗಂಟಲು ವಿಭಾಗಗಳಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ವರ್ಷಗಟ್ಟಲೆ ಕಿವಿ ಸೋರುತ್ತಿರುವವರು ಬರುತ್ತಾರೆ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪಡೆಯುವಾಗ ‘ಬಾಯಿ ಸೊಟ್ಟಾಗುವ ಸಾಧ್ಯತೆಯೂ ಇದೆ’ ಎಂಬ ಮಾತು ಬಂದೊಡನೆ ಮನೆಯವರು ಬೆಚ್ಚುತ್ತಾರೆ; ಕಿವಿಗೂ ಬಾಯಿಗೂ ಏನು ಸಂಬಂಧ ಎಂದು ಕೇಳುತ್ತಾರೆ. ಮುಂದೆ ‘ನರದ ಮೇಲೆ ಎಲುಬೇ ಇರಲಿಲ್ಲ’ ಎಂದು ವೈದ್ಯರು ಹೇಳಿದರೆ, ಅದು ಹುಟ್ಟಿನಿಂದ ಬಂದದ್ದೋ, ರೋಗ ತಿಂದದ್ದೋ, ಉಪಕರಣ ತಗುಲಿ ಆದದ್ದೋ ಎಂಬ ಗೊಂದಲ ಆರಂಭವಾಗುತ್ತದೆ. ಮೂರೂ ಸಾಧ್ಯವಾದ್ದರಿಂದಲೇ ವಿಷಯ ಇಷ್ಟು ಸಿಕ್ಕಾಗಿದೆ.

ಕಣ್ಣು ಮುಚ್ಚಿಸುವ, ತುಟಿ ಅರಳಿಸುವ ಮುಖನರವು ಮಿದುಳಿನ ಕಾಂಡದಿಂದ ಹೊರಟು, ಕಿವಿಯನ್ನು ಒಳಗೊಂಡ ತಲೆಬುರುಡೆಯ ಪಕ್ಕದ ಎಲುಬಾದ ಟೆಂಪೋರಲ್ ಎಲುಬಿನೊಳಗೆ ಸುಮಾರು 3 ಸೆಂಟಿಮೀಟರ್ ಉದ್ದದ ಅಂಕುಡೊಂಕಾದ ಕಾಲುವೆಯಲ್ಲಿ ಸಾಗಿ, ಕಿವಿಯ ಕೆಳಗೆ ಹೊರಬೀಳುತ್ತದೆ. ಇಟಲಿಯ ಅಂಗರಚನಾ ಶಾಸ್ತ್ರಜ್ಞ ಗಾಬ್ರಿಯೆಲೆ ಫಲ್ಲೋಪಿಯೊ 1561ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ನೀರಿನ ಕಾಲುವೆಗೆ ಹೋಲಿಸಿದರು. ಆಗ ವಿಜಯಪುರದಲ್ಲಿ ಒಂದನೆಯ ಅಲಿ ಆದಿಲ್‌ಶಾಹನ ಆಳ್ವಿಕೆ. ತೊರವಿಯಿಂದ ನಗರಕ್ಕೆ ನೀರು ತಂದ ಆದಿಲ್‌ಶಾಹಿ ಕಾಲದ ನೆಲದಡಿಯ ಸುರಂಗಗಳನ್ನು ಬಲ್ಲ ನಮ್ಮ ಊರಿನವರಿಗೆ ಆ ಹೋಲಿಕೆ ತಟ್ಟನೆ ಹಿಡಿಸುತ್ತದೆ. ಆದರೆ ಅದು ನಮ್ಮನ್ನು ದಾರಿ ತಪ್ಪಿಸಿಯೂ ಇದೆ. ಸುರಂಗದಲ್ಲಿ ಮೊದಲು ಬಂಡೆ ಕೊರೆಯುತ್ತಾರೆ, ಆಮೇಲೆ ನೀರು ಹರಿಯುತ್ತದೆ. ಭ್ರೂಣದಲ್ಲಿ ನರ ಮೊದಲು ಬರುತ್ತದೆ, ಎಲುಬು ಆಮೇಲೆ ಅದರ ಸುತ್ತ ಕಟ್ಟಿಕೊಳ್ಳುತ್ತದೆ. ‘ಎಲುಬು ಒಡೆದಿದೆ’ ಎಂದು ಜನ ಕಲ್ಪಿಸಿಕೊಳ್ಳುವುದು ಈ ಕ್ರಮ ತಿಳಿಯದಿರುವುದರಿಂದಲೇ ಎಂದು ನನಗೆ ಅನಿಸುತ್ತದೆ.

1821ರಲ್ಲಿ ಚಾರ್ಲ್ಸ್ ಬೆಲ್ ಮುಖದ ಚಲನೆಯ ನರವನ್ನು ಸ್ಪರ್ಶದ ನರದಿಂದ ಬೇರೆಯಾಗಿ ಗುರುತಿಸಲು ಯತ್ನಿಸಿದರು; 1837ರಲ್ಲಿ ರೈಖರ್ಟ್ ಭ್ರೂಣದ ಕುತ್ತಿಗೆಯ ಬಳಿ ಸಾಲಾಗಿ ಮೂಡುವ ಕಮಾನುಗಳಲ್ಲಿ ಎರಡನೆಯದರ ಮೃದ್ವಸ್ಥಿಯನ್ನು ವಿವರಿಸಿದರು. ಮುಖನರ ಅದೇ ಕಮಾನಿನ ನರ.

ಆದರೆ ನರದ ಸುತ್ತ ಎಲುಬು ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ನಿಜವಾದ ಉತ್ತರ ಕೊಟ್ಟದ್ದು ಇಪ್ಪತ್ತನೆಯ ಶತಮಾನದ ಸೂಕ್ಷ್ಮದರ್ಶಕ. ಭ್ರೂಣಗಳ ಟೆಂಪೋರಲ್ ಎಲುಬನ್ನು ಆಮ್ಲದಲ್ಲಿ ಇರಿಸಿ ಸುಣ್ಣದಂಶ ತೆಗೆದು, ಗಟ್ಟಿಯಾಗಿ ಹಿಡಿದಿಡುವ ಸೆಲ್ಲಾಯ್ಡಿನ್ ಎಂಬ ವಸ್ತುವಿನಲ್ಲಿ ಹುದುಗಿಸಿ, ಒಂದರ ಹಿಂದೆ ಒಂದರಂತೆ ನೂರಾರು ತೆಳು ಪದರಗಳಾಗಿ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲೆ ಕ್ರಮವಾಗಿ ಜೋಡಿಸುವ ಕೆಲಸ ಅದು. ಒಂದೇ ಕಿವಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಒಂದು ಪದರ ಕೈತಪ್ಪಿದರೆ ಆ ಜಾಗದ ಸುದ್ದಿಯೇ ಕಳೆದುಹೋಗುತ್ತದೆ. ಅಮೆರಿಕದ ಥಿಯೊಡೋರ್ ಬ್ಯಾಸ್ಟ್ ಮತ್ತು ಬ್ಯಾರಿ ಆನ್ಸನ್ ದಶಕಗಳ ಕಾಲ ಇದೇ ಕೆಲಸದಲ್ಲಿ ತೊಡಗಿದ್ದರು. ಈ ತಾಳ್ಮೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಇಂಥ ಪದರಗಳಲ್ಲಿ ಕಂಡದ್ದು ಇಷ್ಟು: ಗರ್ಭದ ಮೂರನೆಯ ತಿಂಗಳ ಹೊತ್ತಿಗೆ ಒಳಗಿವಿಯ ಮೃದ್ವಸ್ಥಿಯ ಹೊರಮೈಯಲ್ಲಿ ನರ ಕೂರುವಷ್ಟು ತೋಡು ಮೂಡಿರುತ್ತದೆ. ಸುಮಾರು ಐದನೆಯ ತಿಂಗಳಿನಿಂದ ಆ ತೋಡಿನ ಅಂಚುಗಳಿಂದ ಎಲುಬಿನ ತೆಳು ಚಾಚುಗಳು ಎದ್ದು ನರದ ಮೇಲೆ ಬಾಗತೊಡಗುತ್ತವೆ. ಒಂದು ಕಡೆ ಮುಂದಿನಿಂದ, ಇನ್ನೊಂದು ಕಡೆ ಹಿಂದಿನಿಂದ ಮುಚ್ಚುತ್ತ ಬಂದು, ನಡುಗಿವಿಯ ಪುಟ್ಟ ರಿಕಾಪು ಎಲುಬು (ಸ್ಟೇಪಿಸ್) ಕೂರುವ ಅಂಡಾಕಾರದ ಕಿಟಕಿಯ ಬಳಿ ಕೊನೆಗೆ ಕೂಡುತ್ತವೆ. ಹುಟ್ಟುವ ಹೊತ್ತಿಗೆ ಬಹುಭಾಗ ಮುಚ್ಚಿದ್ದರೂ ಉಳಿದ ಕೆಲಸ ಹುಟ್ಟಿದ ಮೇಲೂ ಸಾಗುತ್ತದೆ, ಹಲವರಲ್ಲಿ ಎಂದೂ ಮುಗಿಯುವುದಿಲ್ಲ.

1971ರಲ್ಲಿ ಬ್ಯಾಕ್ಸ್ಟರ್ ಎಂಬ ಸಂಶೋಧಕರು 535 ಟೆಂಪೋರಲ್ ಎಲುಬುಗಳನ್ನು ಪರಿಶೀಲಿಸಿದಾಗ ಶೇ. 55ರಲ್ಲಿ ನರದ ಮೇಲೆ ಎಲುಬಿಲ್ಲದ ಒಂದಾದರೂ ತೆರಪು ಸಿಕ್ಕಿತು. 1994ರಲ್ಲಿ 1000 ಎಲುಬುಗಳ ಅಧ್ಯಯನದಲ್ಲಿ ಶೇ. 56. ಹೆಚ್ಚಿನವು ಆ ಅಂಡಾಕಾರದ ಕಿಟಕಿಯ ಆಸುಪಾಸಿನಲ್ಲೇ ಇದ್ದವು. ಅರ್ಧಕ್ಕಿಂತ ಹೆಚ್ಚು ಎಲುಬುಗಳಲ್ಲಿ ಕಾಣುವುದನ್ನು ‘ದೋಷ’ ಎಂದು ಬರೆಯುವುದು ಎಷ್ಟು ಸರಿ? ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಕಾಣುವ ಪ್ರಮಾಣ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ, ಏಕೆಂದರೆ ಅಲ್ಲಿ ನರದ ಎಲ್ಲ ಬದಿಗಳೂ ಕಣ್ಣಿಗೆ ಬೀಳುವುದಿಲ್ಲ.

ರೋಗದ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಕಿವಿಯೊಳಗೆ ಚರ್ಮ ಬೆಳೆದು ಎಲುಬು ಸವೆಸುವ ಕೊಲೆಸ್ಟಿಯಾಟೋಮ ಗಟ್ಟಿ ಗೋಡೆಯನ್ನೂ ತೆಳುಗೊಳಿಸಿ ತೂತಾಗಿಸುತ್ತದೆ. ಮೊದಲೇ ತೆರಪಿದ್ದಲ್ಲಿ ಸೋಂಕು ನರಕ್ಕೆ ನೇರವಾಗಿ ತಾಗಬಹುದು. ಮಕ್ಕಳಲ್ಲಿ ಕಿವಿನೋವಿನ ಬೆನ್ನಲ್ಲೇ ಮುಖ ಒಂದು ಕಡೆ ವಾಲಿದರೆ ಮನೆಯವರು ‘ಲಕ್ವಾ ಹೊಡೆದಿದೆ’ ಎಂದು ಬೇರೆ ಉಪಚಾರಕ್ಕೆ ತಿರುಗದೆ ಆ ದಿನವೇ ಕಿವಿ ತೋರಿಸಬೇಕು.

ಕಳೆದ ಶತಮಾನದ ಎಂಬತ್ತರ ದಶಕದಿಂದ ಸಿಟಿ ಸ್ಕ್ಯಾನ್ ಸೂಕ್ಷ್ಮವಾಗುತ್ತ ಬಂದರೂ, ಮಿಲಿಮೀಟರಿನ ಭಾಗದಷ್ಟು ತೆಳುವಾದ ಗೋಡೆ ಚಿತ್ರದಲ್ಲಿ ಅಕ್ಕಪಕ್ಕದ ಅಂಗಾಂಶದೊಂದಿಗೆ ಬೆರೆತುಹೋಗುತ್ತದೆ. ಹೀಗಾಗಿ ಇರುವ ಎಲುಬು ಇಲ್ಲದಂತೆಯೂ ಇಲ್ಲದ್ದು ಇದ್ದಂತೆಯೂ ತೋರಬಹುದು. ಅದಕ್ಕಾಗಿಯೇ ನುರಿತ ಶಸ್ತ್ರವೈದ್ಯರು ಸ್ಕ್ಯಾನಿನ ವರದಿ ಏನೇ ಹೇಳಲಿ, ರಿಕಾಪಿನ ಮೇಲ್ಬದಿಗೆ ಬಂದಾಗ ನರ ಬರಿಮೈಯಲ್ಲಿದೆ ಎಂದೇ ಭಾವಿಸಿ ಕೈಯಾಡಿಸುತ್ತಾರೆ. ಒಪ್ಪಿಗೆ ಪಡೆಯುವ ದಿನ ಈ ಮಾತನ್ನೇ ಮನೆಯವರಿಗೂ ಕನ್ನಡದಲ್ಲಿ ಬಿಡಿಸಿ ಹೇಳಲು ಹತ್ತು ನಿಮಿಷ ಸಾಕು.